ಬೆಲೇರ್ ರಸ್ತೆಯ ಖಾನಾವಳಿ

ಗದಿಗೆಪ್ಪ ಮದುವೆಯಾಗದೆ ಉಳಿದದ್ದಕ್ಕೆ ಅವನ ಅಕ್ಕ ಶಾಂತವ್ವ ಕೊಡುತ್ತಿದ್ದ ಕಾರಣ ಒಂದೇ. ಕನ್ಯೆ ನೋಡಲು ಹೋದ ಮನೆಗಳಲ್ಲೆಲ್ಲ ಅವನು ಕನ್ಯೆಯನ್ನು ಬಿಟ್ಟು ಉಪ್ಪಿಟ್ಟನ್ನೇ ನೋಡಿದ. ಒಂದು ಮನೆಯಲ್ಲಿ ರವೆ ಸರಿಯಾಗಿ ಹುರಿದಿರಲಿಲ್ಲ. ಇನ್ನೊಂದರಲ್ಲಿ ಎಣ್ಣೆಗೆ ಜಿಪುಣತನ ಮಾಡಿದ್ದರು. ಮೂರನೆಯ ಮನೆಯಲ್ಲಿ ಎಲ್ಲ ಚೆನ್ನಾಗಿತ್ತು, ಕನ್ಯೆಯೂ ಚೆನ್ನಾಗಿದ್ದಳಂತೆ. ಆದರೆ ಎರಡನೆಯ ಸಲ ಬಡಿಸಲು ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ನಲವತ್ತು ದಾಟಿತ್ತು. ಅಕ್ಕ ಅಮೆರಿಕದಿಂದ ಕಾಗದಪತ್ರ ಮಾಡಿಸಿ ಕರೆಸಿಕೊಂಡಳು. ಹುಬ್ಬಳ್ಳಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗದ್ದಿಗೆಯ ಪಕ್ಕ ಕೂತು ಹದಿನೆಂಟು ವರ್ಷ ಮಾಲು ನೋಡಿದ್ದ ಮನುಷ್ಯ ಡಲ್ಲಾಸಿನ ಮಗ್ಗುಲಿನ ಕ್ಯಾರಲ್ಟನ್ನಿನಲ್ಲಿ ಬಂದಿಳಿದ.

ಅಕ್ಕನ ಮನೆಯಲ್ಲಿ ಅವನು ನಿಂತದ್ದು ಎರಡು ವರ್ಷ. ಆಮೇಲೆ ಅಕ್ಕ, ಭಾವ ಇಬ್ಬರೂ ಮಗಳ ಊರಿಗೆಂದು ಚಿಕಾಗೋ ಕಡೆ ಶಿಫ್ಟ್ ಆದರು. ಗದಿಗೆಪ್ಪನಿಗೆ ಉಳಿದದ್ದು ಒಂದು ಕೋಣೆಯ ಅಪಾರ್ಟ್‌ಮೆಂಟು, ಒಂದು ಬಾಡಿಗೆ ಗೋದಾಮು, ಒಂದು ಬಿಳಿ ವ್ಯಾನು. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಹಪ್ಪಳ, ಸಂಡಿಗೆ, ಅವಲಕ್ಕಿ ತರಿಸಿ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಊರುಗಳ ಇಂಡಿಯನ್ ಅಂಗಡಿಗಳಿಗೆ ಹಾಕುವುದು ಅವನ ಕಸುಬು. ವ್ಯಾಪಾರ ನಡೆಯಿತು. ಊಟದ್ದೇ ನಡೆಯಲಿಲ್ಲ.

ಅಡುಗೆ ಬರುತ್ತಿರಲಿಲ್ಲವೆಂದಲ್ಲ. ಅನ್ನ, ಬೇಳೆ, ಒಂದು ಪಲ್ಯ ಅವನಿಗೆ ಲೀಲಾಜಾಲ. ಆದರೆ ತಾನೇ ಮಾಡಿ, ತಾನೇ ಬಡಿಸಿಕೊಂಡು, ತಾನೇ ಉಣ್ಣುವುದು ತನ್ನ ಅಂಗಡಿಯಲ್ಲಿ ತಾನೇ ಗಿರಾಕಿಯಾದ ಹಾಗೆ. ಗಲ್ಲಾಪೆಟ್ಟಿಗೆ ಸದ್ದು ಮಾಡುತ್ತದೆ, ಲಾಭವಿಲ್ಲ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಬಡಿಸುವವನು ಕೇಳುತ್ತಿರಲಿಲ್ಲ. ಹಿಂದಿನಿಂದ ಬಂದು ಸೌಟು ಬಗ್ಗಿಸಿಬಿಡುತ್ತಿದ್ದ. ಸಾಕು ಅಂದರೆ ನಂಬುತ್ತಿರಲಿಲ್ಲ. ಎರಡೂ ಕೈಗಳನ್ನು ತಾಟಿನ ಮೇಲೆ ಚಾಚಿ ಅಡ್ಡ ಹಿಡಿದರಷ್ಟೇ ಮುಂದಿನ ಮಣೆಗೆ ಹೋಗುತ್ತಿದ್ದ. ಈ ದೇಶದಲ್ಲಿ ತಾಟು ದೊಡ್ಡದು, ಲೋಟ ದೊಡ್ಡದು, ಬಿಲ್ಲು ಎಲ್ಲಕ್ಕಿಂತ ದೊಡ್ಡದು. ಬಡಿಸುವ ಕೈ ಮಾತ್ರ ಗದಿಗೆಪ್ಪನಿಗೆ ಎಲ್ಲಿಯೂ ಕಾಣಲಿಲ್ಲ.

ಹುಡುಕಲಿಲ್ಲವೆಂದು ಹೇಳುವಂತಿಲ್ಲ. ಇಂಡಿಯನ್ ಹೋಟೆಲುಗಳ ಬಫೆಯಲ್ಲಿ ಎಂಟು ಡಾಲರ್ ಕೊಟ್ಟು, ತಾಟು ಹಿಡಿದು ಸಾಲಿನಲ್ಲಿ ನಿಂತ. ಆಸ್ಟಿನ್ನಿನಲ್ಲಿ ಶುದ್ಧ ಸಸ್ಯಾಹಾರ ಎಂದು ಬೋರ್ಡು ಹಾಕಿದ್ದ ಒಂದು ಕಡೆ ಒಂಬತ್ತು ಡಾಲರಿಗೆ ಹಸಿ ಸೊಪ್ಪು ತಂದಿಟ್ಟರು; ಅದನ್ನು ಊರಲ್ಲಿ ಆಡಿನ ಮುಂದೆ ಇಟ್ಟಿದ್ದರೆ ಆಡು ಮೊದಲು ದರ ಕೇಳುತ್ತಿತ್ತು. ಒಮ್ಮೆ ಇರ್ವಿಂಗಿನ ದೇವಸ್ಥಾನದಲ್ಲಿ ಪರಿಚಯವಾದ ವಿಶ್ವಾಸ್ ಎಂಬ ಸಾಫ್ಟ್‌ವೇರ್ ಹುಡುಗ, "ಅಂಕಲ್, ನೀವು ಹೇಳೋದು ಬಿಸ್ಟ್ರೋ. ಫ್ರೆಂಚರ ಖಾನಾವಳಿ. ಮನೆ ಅಡುಗೆ ಥರ, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ," ಎಂದು ಡಲ್ಲಾಸಿನ ಒಂದು ಜಾಗಕ್ಕೆ ಡ್ರೈವ್ ಮಾಡಿಕೊಂಡು ಹೋದ. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಮೇಣದಬತ್ತಿ. ಈರುಳ್ಳಿ ಸೂಪಿಗೆ ದನದ ಮೂಳೆ ಕುದಿಸಿದ ನೀರು ಎಂದು ತಿಳಿದ ಮೇಲೆ ಗದಿಗೆಪ್ಪ ಬರೀ ಬ್ರೆಡ್ಡು ತಿಂದ. ಆ ಬ್ರೆಡ್ಡಿಗೂ ಸೂಪಿನ ದರವನ್ನೇ ಕೊಟ್ಟು ಬಂದ.

"ಫ್ರಾನ್ಸಿನ್ಯಾಗ ಬಿಸ್ಟ್ರೋ ಅಗ್ಗ ಇರಬಹುದಪಾ," ಅಂದ ವಾಪಸು ಬರುವಾಗ. "ಇಲ್ಲಿ ಹೆಸರಷ್ಟ ಇಂಪೋರ್ಟ್ ಆಗೇತಿ, ದರ ಆಗಿಲ್ಲ."

ಹಾಗಾಗಿ ಹ್ಯೂಸ್ಟನ್ನಿಗೆ ಹೋಗುವ ಹೆದ್ದಾರಿಯ ಬದಿಯ ಹೋಟೆಲೊಂದರಲ್ಲಿ, ಅವರ ಮಾತಿನಲ್ಲಿ ಡೈನರಿನಲ್ಲಿ, ಕಾಫಿ ಕುಡಿಯುವುದನ್ನು ರೂಢಿ ಮಾಡಿಕೊಂಡ. ಕಾಫಿ ಅವನಿಗೆ ಆಗಿಬರುತ್ತಿರಲಿಲ್ಲ, ಎದೆ ಉರಿಯುತ್ತಿತ್ತು. ಆದರೆ ಆ ಡೈನರಿನ ಹೆಂಗಸು ಗಾಜಿನ ಪಾತ್ರೆ ಹಿಡಿದು ತಿರುಗುತ್ತ, ಕಪ್ಪು ಅರ್ಧವಾದ ಕೂಡಲೇ ಕೇಳದೆ ತುಂಬಿಸುತ್ತಿದ್ದಳು. ಅದೊಂದಕ್ಕಾಗಿ ಅವನು ಮೂರು ಕಪ್ಪು ಕುಡಿದು, ಮುಂದಿನ ನೂರು ಮೈಲಿ ಎದೆ ನೀವಿಕೊಳ್ಳುತ್ತ ಗಾಡಿ ಓಡಿಸುತ್ತಿದ್ದ.

ಹೀಗಿರುವಾಗ ತೊಂಬತ್ತೊಂಬತ್ತರ ಒಂದು ಬುಧವಾರ ಹ್ಯೂಸ್ಟನ್ನಿನಲ್ಲಿ ವ್ಯಾನಿನ ರೇಡಿಯೇಟರ್ ಕೈಕೊಟ್ಟಿತು. ರಿಪೇರಿಗೆ ಒಂದು ದಿನ ಹಿಡಿಯಿತು. ಮರುದಿನ ಅಮಾವಾಸ್ಯೆ. ಅವನ ಕಡೆಯ ವ್ಯಾಪಾರಿಗಳು ಅಮಾವಾಸ್ಯೆಯ ಪೂಜೆ ತಪ್ಪಿಸುವುದಿಲ್ಲ. ಅಂಗಡಿಗೆ, ತಕ್ಕಡಿಗೆ, ಗಾಡಿಗೆ ಅವತ್ತೇ ಪೂಜೆ. ಯಾವಾಗಲೂ ಕ್ಯಾರಲ್ಟನ್ನಿನ ಗೋದಾಮಿನಲ್ಲಿ ಮಾಡುತ್ತಿದ್ದವನು ಈ ಸಲ ಪರಊರಿನಲ್ಲಿ ಸಿಕ್ಕಿಬಿದ್ದಿದ್ದ. ತೆಂಗಿನಕಾಯಿಗೆಂದು ತನ್ನ ಅತಿ ದೊಡ್ಡ ಗಿರಾಕಿ ಬದರಿನಾಥನ ಅಂಗಡಿಗೆ ಹೋದ. ಬದರಿನಾಥ ಮೈಸೂರಿನವನು. ಅಮಾವಾಸ್ಯೆಯೆಂದರೆ ಉಗುರು ಸಹ ಕತ್ತರಿಸದ ಜನ.

"ಅಲ್ಲಾ ಸ್ವಾಮಿ, ಅಮಾವಾಸ್ಯೆ ದಿನ ಗಾಡಿ ಪೂಜೆ ಮಾಡ್ತಾರಾ ಯಾರಾದ್ರೂ? ನಮ್ಮಲ್ಲಿ ಇವತ್ತು ಪ್ರಯಾಣಾನೇ ಮಾಡಲ್ಲ."

"ನಮ್ಮ ಕಡೆ ಅಮಾಸಿ ಪೂಜಿ ಮಾಡಲಾರದ ಅಂಗಡಿಗೆ ಗಿರಾಕಿ ಬರಂಗಿಲ್ಲ ಅಂತಾರ್ರಿ."

"ನಾನು ಮಾಡಲ್ವಲ್ಲ. ನನ್ನ ಅಂಗಡಿಗೆ ಬರ್ತಿಲ್ವಾ?"

"ಬರ್ತಾರ್ರಿ. ಕೊತ್ತಂಬರಿ ಅಷ್ಟ ತಗೊಂಡು ಹೋಗ್ತಾರ."

ಬದರಿನಾಥ ನಕ್ಕ. ನಗುತ್ತಲೇ ರಾಶಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಕಾಯಿಯನ್ನು ಆರಿಸಿ ಕೊಟ್ಟ.

ಗ್ಯಾರೇಜು ಇದ್ದದ್ದು ಬೆಲೇರ್ ರಸ್ತೆಯಲ್ಲಿ. ಗಾಡಿ ಬಿಡಿಸಿಕೊಂಡು, ಪಕ್ಕದ ಅಂಗಡಿ ಸಾಲಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಗದಿಗೆಪ್ಪ ವ್ಯಾನಿನ ಮೂತಿಗೆ ವಿಭೂತಿ ಬಳಿದ. ಬಂಪರಿನ ಸಂದಿಯಲ್ಲಿ ಊದಿನಕಡ್ಡಿ ಸಿಕ್ಕಿಸಿದ. ಮುಂದಿನ ಎರಡು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಕಾಯಿಯನ್ನು ಎತ್ತಿ ಕಾಂಕ್ರೀಟಿನ ಅಂಚಿಗೆ ಕುಕ್ಕಿದ. ಸದ್ದಿಗೆ ಸೆಕ್ಯುರಿಟಿಯವನು ಸೊಂಟದ ರೇಡಿಯೋ ಹಿಡಿದುಕೊಂಡು ಓಡಿ ಬಂದ. ಹೊಗೆಯಾಡುತ್ತಿರುವ ವ್ಯಾನು, ಗಾಲಿಯ ಕೆಳಗೆ ಏನೋ ಹುದುಗಿಸಿದ ಮೀಸೆಯವನು. ಆ ಸೆಕ್ಯುರಿಟಿಯವನ ಸಂಬಳಕ್ಕೆ ಇದು ಹೆಚ್ಚಿನ ಕೆಲಸವಾಗಿತ್ತು.

"ಪೂಜಿ, ಪೂಜಿ," ಅಂದ ಗದಿಗೆಪ್ಪ. ಇಂಗ್ಲಿಷಿನಲ್ಲಿ ಅದಕ್ಕೇನು ಅನ್ನಬೇಕೋ ಆ ಗಳಿಗೆಗೆ ನೆನಪಾಗಲಿಲ್ಲ.

ಆಗ ಸಾಲಿನ ಕೊನೆಯ ಅಂಗಡಿಯಿಂದ ಏಪ್ರನ್ ಕಟ್ಟಿದ್ದ ಒಬ್ಬ ಗಿಡ್ಡ ಹೆಂಗಸು ಹೊರಗೆ ಬಂದಳು. ಅರವತ್ತರ ಆಸುಪಾಸು, ವಿಯೆಟ್ನಾಮಿನವಳು. ನಿಂಬೆಹಣ್ಣು ನೋಡಿದಳು, ಊದಿನಕಡ್ಡಿ ನೋಡಿದಳು, ಒಡೆದ ಕಾಯಿ ನೋಡಿದಳು. ಸೆಕ್ಯುರಿಟಿಯವನಿಗೆ ಎರಡು ಮಾತು ಹೇಳಿ ಕಳಿಸಿದಳು. ಆಮೇಲೆ ಇವನ ಕಡೆ ತಿರುಗಿ, ತನ್ನ ತುಂಡು ಇಂಗ್ಲಿಷಿನಲ್ಲಿ ಕೇಳಿದಳು: "ನಿನಗೂ ಇವತ್ತೇ?"

ಅವಳ ಅಂಗಡಿಯ ಬಾಗಿಲ ಒಳಗೆ, ನೆಲದ ಮೇಲೆ, ಒಂದು ಕೆಂಪು ಗೂಡು. ಮುಂದೆ ಐದು ಕಿತ್ತಳೆ, ಮೂರು ಊದಿನಕಡ್ಡಿ. ಅವಳ ಪಂಚಾಂಗದಲ್ಲಿ ಅವತ್ತು ತಿಂಗಳ ಮೊದಲ ದಿನ. ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆಗೆ ಮತ್ತು ಹುಣ್ಣಿಮೆಗೆ, ಅವಳ ಒಲೆಯ ಮೇಲೆ ಮಾಂಸವಿಲ್ಲ, ಮೀನಿಲ್ಲ, ಮೀನಿನ ರಸದ ಒಂದು ಹನಿಯೂ ಇಲ್ಲ.

"ಒಳಗೆ ಬಾ. ಉಣ್ಣು," ಅಂದಳು.

ತಲೆಯ ಮೇಲಿನ ಬೋರ್ಡಿನಲ್ಲಿ ಗದಿಗೆಪ್ಪನಿಗೆ ಓದಲು ಬಂದ ಪದ ಒಂದೇ, ಬಿಸ್ಟ್ರೋ. ಅವನ ಕಾಲು ಒಂದು ಕ್ಷಣ ಹಿಂದೆ ಸರಿಯಿತು.

ಆರು ಟೇಬಲ್ಲಿನ ಜಾಗ. ಅವಳು ಗೋಡೆಯ ಬದಿಯ ಟೇಬಲ್ಲಿನಲ್ಲಿ ಅವನನ್ನು ಕೂರಿಸಿದಳು. ಟೊಮೆಟೊದಲ್ಲಿ ಬೇಯಿಸಿದ ಸೋಯಾ ಪನೀರು, ಬೆಂಡೆಕಾಯಿ ಮತ್ತು ಅನಾನಸು ಹಾಕಿದ ಹುಣಸೆಯ ಸಾರು, ಅನ್ನ, ಬಿಸಿ ಬ್ರೆಡ್ಡು. ಹುಣಸೆಯ ಸಾರಿನ ಮೊದಲ ಚಮಚಕ್ಕೇ ಗದಿಗೆಪ್ಪನಿಗೆ ಇದನ್ನು ಮಾಡಿದವರಿಗೆ ಅಡುಗೆ ಬರುತ್ತದೆ ಎಂದು ತಿಳಿಯಿತು. ಅನ್ನ ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ಇನ್ನೊಂದು ಸೌಟು ಅನ್ನ ಹಾಕಿ ಹೋಯಿತು. ಕೇಳಲಿಲ್ಲ. ಮತ್ತೊಮ್ಮೆ ಬಂತು. ಮೂರನೆಯ ಸಲ ಅವನು ತನಗೇ ತಿಳಿಯದೆ ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಚಾಚಿದ. ಅವಳು ಸೌಟು ಹಿಂತೆಗೆದುಕೊಂಡಳು. ಎಲ್ಲ ಸೇರಿ ಐದು ಡಾಲರಿಗೆ ಐದು ಸೆಂಟು ಕಡಿಮೆ.

ಅವಳ ಹೆಸರು ಲಿಯೆನ್. ಅವಳ ಅಪ್ಪ ಸೈಗಾನಿನಲ್ಲಿ ಒಬ್ಬ ಫ್ರೆಂಚ್ ಅಧಿಕಾರಿಯ ಮನೆಯ ಅಡುಗೆಯವನಾಗಿದ್ದು, ಆಮೇಲೆ ಸ್ವಂತ ಜಾಗ ತೆರೆದು ಅದಕ್ಕೆ ಬಿಸ್ಟ್ರೋ ಎಂದು ಹೆಸರಿಟ್ಟನಂತೆ. ಯುದ್ಧ ಮುಗಿದ ಮೇಲೆ ಊರು ಬಿಟ್ಟು ಬಂದವಳು ಆ ಪದವೊಂದನ್ನು ತಂದು ಇಲ್ಲಿ ನೇತುಹಾಕಿದ್ದಳು. ಇಷ್ಟು ವಿವರ ಸಿಗಲು ಗದಿಗೆಪ್ಪನಿಗೆ ಒಂದು ವರ್ಷ ಬೇಕಾಯಿತು, ಏಕೆಂದರೆ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆಡುವ ಇಂಗ್ಲಿಷು ಇಬ್ಬರಲ್ಲೂ ಅಷ್ಟಕ್ಕಷ್ಟೆ. ಅವಳು ಅವನ ಹೆಸರು ಕೇಳಲಿಲ್ಲ. 'ಮಿಸ್ಟರ್ ಕೋಕೋನಟ್' ಎನ್ನುತ್ತಿದ್ದಳು. ಅದನ್ನು ತಿದ್ದಲು ಅವನಿಗೆ ಮನಸ್ಸಾಗಲಿಲ್ಲ; ಈ ದೇಶದಲ್ಲಿ ಅವನಿಗೆ ಅಡ್ಡಹೆಸರು ಇಟ್ಟವರು ಇನ್ಯಾರೂ ಇರಲಿಲ್ಲ.

ಅಲ್ಲಿಂದ ಗದಿಗೆಪ್ಪನ ವ್ಯಾನು ಚಂದ್ರನ ಲೆಕ್ಕದಲ್ಲಿ ಓಡತೊಡಗಿತು. ಅಮಾವಾಸ್ಯೆ ಮಂಗಳವಾರ ಬಿದ್ದರೆ ಮಂಗಳವಾರ ಹ್ಯೂಸ್ಟನ್, ಹುಣ್ಣಿಮೆ ಶನಿವಾರವಾದರೆ ಶನಿವಾರ ಹ್ಯೂಸ್ಟನ್. ಡಲ್ಲಾಸು, ಆಸ್ಟಿನ್ನು ಉಳಿದ ದಿನಗಳಲ್ಲಿ ಹೇಗೋ ಹೊಂದಿಕೊಂಡವು. ಒಮ್ಮೆ ಹುಬ್ಬಳ್ಳಿಯ ಕ್ಯಾಲೆಂಡರ್ ನೋಡಿಕೊಂಡು ಹುಣ್ಣಿಮೆಗೆ ಹೋದರೆ ಅವಳ ಹದಿನೈದನೆಯ ದಿನ ಹಿಂದಿನ ದಿನವೇ ಆಗಿಹೋಗಿತ್ತು. ಒಲೆಯ ಮೇಲೆ ಮೀನು ಕುದಿಯುತ್ತಿತ್ತು. ಗದಿಗೆಪ್ಪ ಬಾಗಿಲಲ್ಲೇ ನಿಂತ. ಲಿಯೆನ್ ಅವನ ಮುಖ ನೋಡಿ, ಬಿಸಿ ಅನ್ನದ ಮೇಲೆ ಎಳ್ಳು, ಶೇಂಗಾ ಹುರಿದು ಉಪ್ಪು ಸೇರಿಸಿ ಕುಟ್ಟಿದ ಪುಡಿ ಉದುರಿಸಿ, ಸೌತೆಕಾಯಿ ಹೆಚ್ಚಿ ತಂದಿಟ್ಟಳು. ಅವನು ಒಂದು ತುತ್ತು ತಿಂದ, ಎದ್ದು ವ್ಯಾನಿಗೆ ಹೋದ, ತನ್ನ ಮಾಲಿನಿಂದ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ ತಂದು ಅವಳ ಕೈಯಲ್ಲಿಟ್ಟ. ಅವಳು ಬಾಯಿಗೆ ಹಾಕಿಕೊಂಡು ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು.

"ನಿಮ್ಮ ಊರಲ್ಲಿ ಜನರಿಗೆ ಸಿಟ್ಟು ಜಾಸ್ತಿಯಾ?" ಎಂದು ಕೇಳಿದಳು.

"ಊಟಕ್ಕೆ ತಡ ಆದರೆ ಮಾತ್ರ," ಅಂದ ಗದಿಗೆಪ್ಪ. ಅವತ್ತೇ ಅವಳು ಗೋಡೆಯಿಂದ ತನ್ನದೇ ಕ್ಯಾಲೆಂಡರು ಇಳಿಸಿ, ಆ ವರ್ಷದ ದಿನಗಳಿಗೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಅವನಿಗೆ ಕೊಟ್ಟಳು. ಹುಬ್ಬಳ್ಳಿಯ ಕ್ಯಾಲೆಂಡರು ಗೋದಾಮಿಗೆ ಹೋಯಿತು. ಅವಳದ್ದು ವ್ಯಾನಿಗೆ ಬಂತು; ಆಮೇಲೆ ಪ್ರತಿ ವರ್ಷವೂ ಸುತ್ತು ಹಾಕಿದ ಹೊಸದೊಂದು ಬಂತು.

ನಾಲ್ಕು ವರ್ಷ ಹೀಗೆ ನಡೆಯಿತು. ತಿಂಗಳಿಗೆ ಎರಡು ಮಧ್ಯಾಹ್ನ. ಅವನ ಬದುಕಿನಲ್ಲಿ ಉಳಿದ ಇಪ್ಪತ್ತೆಂಟು ದಿನಗಳು ಈ ಎರಡು ದಿನಗಳ ನಡುವಿನ ಹೆದ್ದಾರಿಯಾಗಿದ್ದವು.

ಬದರಿನಾಥನಿಗೆ ಇದು ಸರಿಬರಲಿಲ್ಲ. ಮಾಲು ಒಂದು ಸಲ ಮಂಗಳವಾರ ಬಂದರೆ ಇನ್ನೊಂದು ಸಲ ಶನಿವಾರ ಬರುತ್ತಿತ್ತು. ಎರಡು ಸಾವಿರದ ಮೂರರಲ್ಲಿ ಅವನು ಶುಗರ್‌ಲ್ಯಾಂಡಿನಲ್ಲಿ ಎರಡನೆಯ ಅಂಗಡಿ ತೆಗೆದ. ಒಂದು ದಿನ ಗದಿಗೆಪ್ಪ ಹಪ್ಪಳದ ಪೆಟ್ಟಿಗೆ ಇಳಿಸುತ್ತಿರುವಾಗ ಹತ್ತಿರ ಬಂದು ನಿಂತ.

"ಗದಿಗೆಪ್ಪನವ್ರೇ, ನಿಮ್ಮನ್ನ ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಹ್ಯೂಸ್ಟನ್ನಲ್ಲಿ ಯಾರನ್ನಾದ್ರೂ ಇಟ್ಕೊಂಡಿದೀರಾ?"

"ಯಾಕ್ರಿ?"

"ಅಲ್ಲ ಕಣ್ರೀ, ಅಮಾವಾಸ್ಯೆಗೊಂದ್ಸಲ ಹುಣ್ಣಿಮೆಗೊಂದ್ಸಲ ಅಂತ ಜನ ಮಾತಿಗೆ ಹೇಳ್ತಾರೆ. ನೀವೊಬ್ರೇ ನೋಡಿ, ನಿಜವಾಗ್ಲೂ ಹಾಗೇ ಬರೋರು. ನಮ್ಮನೆಯವಳು ರಮಾ ಆಗ್ಲೇ ತೀರ್ಮಾನ ಮಾಡ್ಬಿಟ್ಟಿದಾಳೆ."

"ಇಟ್ಕೊಂಡಿಲ್ರಿ. ಉಣ್ಣಾಕ ಹೊಕ್ಕೀನಿ."

"ಊಟಕ್ಕಾ!" ಬದರಿನಾಥನಿಗೆ ನಿರಾಸೆಯೇ ಆಯಿತು. "ಊಟಕ್ಕೆ ನಮ್ಮನೆಗೆ ಬರಬಾರ್ದಾ?"

ಯಾವತ್ತು ಬರಬೇಕು ಎಂಬುದನ್ನು ಬದರಿನಾಥ ಹೇಳಲಿಲ್ಲ, ಗದಿಗೆಪ್ಪ ಕೇಳಲೂ ಇಲ್ಲ. ಹನ್ನೆರಡು ವರ್ಷದ ವ್ಯವಹಾರದಲ್ಲಿ ಈ ಕರೆಗೆ ತಾರೀಖು ಬಿದ್ದದ್ದೇ ಇಲ್ಲ. ಬದರಿನಾಥ ವಿಷಯಕ್ಕೆ ಬಂದ. ನ್ಯೂಜೆರ್ಸಿಯ ಒಬ್ಬ ಸಪ್ಲೈಯರ್ ಪ್ರತಿ ಶುಕ್ರವಾರ ಲಾರಿ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಶನಿವಾರ, ಭಾನುವಾರವೇ ವ್ಯಾಪಾರದ ದಿನ. ಗದಿಗೆಪ್ಪ ಇನ್ನು ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಎರಡೂ ಅಂಗಡಿಗೆ ಮಾಲು ಹಾಕಬೇಕು. ಆಗದಿದ್ದರೆ ಸ್ನೇಹ ಸ್ನೇಹ, ವ್ಯಾಪಾರ ಬೇರೆ. ಹದಿನೈದು ದಿನದೊಳಗೆ ಉತ್ತರ ಕೊಡಿ.

ಗದಿಗೆಪ್ಪನ ವ್ಯಾಪಾರದಲ್ಲಿ ಮೂರರಲ್ಲಿ ಒಂದು ಪಾಲು ಬದರಿನಾಥ. ಇದಕ್ಕೆ ಯೋಚನೆ ಬೇಕೇ? ಬೇರೆ ಯಾರಾದರೂ ಬಂದು ಸಲಹೆ ಕೇಳಿದ್ದರೆ ಗದಿಗೆಪ್ಪ ಅವನನ್ನು ಪೂರ್ತಿ ಮಾತು ಮುಗಿಸಲೂ ಬಿಡುತ್ತಿರಲಿಲ್ಲ. ಅವನು ಲಿಯೆನ್ನಳ ಕ್ಯಾಲೆಂಡರು ತೆಗೆದು ನೋಡಿದ. ಕೆಂಪು ಸುತ್ತು ಶುಕ್ರವಾರಕ್ಕೆ ಬೀಳುವುದು ವರ್ಷದಲ್ಲಿ ಮೂರೋ ನಾಲ್ಕೋ ಸಲ. ಉಳಿದ ಸುತ್ತುಗಳಿಗೆ ಬರೀ ಊಟಕ್ಕೆಂದು ಇನ್ನೂರ ನಲವತ್ತು ಮೈಲಿ ಖಾಲಿ ವ್ಯಾನು ಓಡಿಸಬೇಕು. ಖಾಲಿ ಗಾಡಿ ಓಡಿಸುವವನನ್ನು ಅವನು ಜೀವಮಾನವಿಡೀ ನಕ್ಕು ಆಡಿಕೊಂಡಿದ್ದ. ಆದರೂ ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಅಮಾವಾಸ್ಯೆಗೆ ಹೋಗಿ ಅವಳಿಗೆ ಹೇಳುವುದು. ಅವಳು ಒಂದೇ ಒಂದು ಸಲ 'ಬೇಡ' ಅಂದರೆ ಸಾಕು, ಬದರಿನಾಥನನ್ನು ಬಿಟ್ಟುಬಿಡುವುದು.

ಅಮಾವಾಸ್ಯೆ ಸೋಮವಾರ ಬಂತು. ಎಂದಿನ ಟೇಬಲ್ಲು, ಎಂದಿನ ಸಾರು. ಅವನು ಬೇಕೆಂದೇ ನಿಧಾನವಾಗಿ ಉಂಡ. ಜನ ಕರಗಿದ ಮೇಲೆ ಲಿಯೆನ್ ತಟ್ಟೆಗಳನ್ನು ಎತ್ತಲು ಬಂದಾಗ ಬಾಯಿ ತೆರೆದ. ದೊಡ್ಡ ಗಿರಾಕಿ. ಪ್ರತಿ ಶುಕ್ರವಾರ ಬಾ ಅನ್ನುತ್ತಾನೆ. ಉಳಿದ ದಿನ ಹ್ಯೂಸ್ಟನ್ನಿಗೆ ಬರಲಿಕ್ಕಾಗುವುದಿಲ್ಲ.

ಅವಳು ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟಳು.

"ದುಡ್ಡು ಸರಿಯಾಗಿ ಕೊಡುತ್ತಾನಾ?"

"ಕೊಡುತ್ತಾನೆ."

"ಎರಡು ಅಂಗಡಿಯಾ?"

"ಎರಡು."

"ಹಾಗಾದರೆ ಒಪ್ಪಿಕೋ," ಅಂದಳು. "ಅಂಥ ಗಿರಾಕಿಯನ್ನು ಬಿಡಬಾರದು."

ಅವನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದ. ಪದ ಕೂಡ ಬದಲಾಗುತ್ತಿರಲಿಲ್ಲ. ಒಳ್ಳೆಯ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಕೊಡುವ ಸಲಹೆ ಬೇರೆ ಏನಿರುತ್ತದೆ? ಗದಿಗೆಪ್ಪ ತಲೆಯಾಡಿಸಿದ. ನೀರು ಕುಡಿದ.

ಲಿಯೆನ್ ಒಳಗೆ ಹೋದಳು. ಬರುವಾಗ ಕೈಯಲ್ಲಿ ತನ್ನ ಬಟ್ಟಲು ಹಿಡಿದುಕೊಂಡು ಬಂದಳು. ಎದುರಿನ ಕುರ್ಚಿ ಎಳೆದುಕೊಂಡು ಕೂತು, ಸಾರಿನಲ್ಲಿ ಅನ್ನ ಮುಳುಗಿಸಿ ತಿನ್ನತೊಡಗಿದಳು. ನಾಲ್ಕು ವರ್ಷದಲ್ಲಿ ಅವಳು ಕೂತದ್ದನ್ನು ಅವನು ನೋಡಿರಲಿಲ್ಲ. ಅವನ ತಾಟಿನಲ್ಲಿ ಏನೂ ಉಳಿದಿರಲಿಲ್ಲ. ಬ್ರೆಡ್ಡಿನ ಒಂದು ಚೂರು ಮುರಿದು, ಅವಳು ಮುಗಿಸುವವರೆಗೂ ಅದನ್ನೇ ಜಗಿಯುತ್ತ ಕೂತ.

"ಕೆಂಪು ಸುತ್ತು ಶುಕ್ರವಾರಕ್ಕೆ ಬಿದ್ದರೆ ಬಾ," ಎಂದು ಎದ್ದಳು.

ಹೊರಗೆ ಬಂದು ಗದಿಗೆಪ್ಪ ಬದರಿನಾಥನಿಗೆ ಫೋನ್ ಮಾಡಿದ. "ಶುಕ್ರವಾರನ ಆಗ್ಲಿರಿ."

"ಅಬ್ಬಾ, ದಾರಿಗೆ ಬಂದ್ರಲ್ಲ!" ಅಂದ ಬದರಿನಾಥ. "ನಮ್ಮನೆಯವಳಿಗೆ ಹೇಳ್ಲಾ, ಬಿಟ್ಬಿಟ್ರು ಅಂತ?"

"ಹೇಳ್ರಿ," ಅಂದ ಗದಿಗೆಪ್ಪ.

ಶುಕ್ರವಾರಗಳು ಒಳ್ಳೆಯ ಲಾಭ ತಂದವು. ಅವನು ಮುಂಜಾನೆ ಆರಕ್ಕೆ ಹೊರಟು, ಮೊದಲ ಅಂಗಡಿಗೆ ಹನ್ನೊಂದೂವರೆಗೆ, ಶುಗರ್‌ಲ್ಯಾಂಡಿಗೆ ಒಂದರೊಳಗೆ ಮುಟ್ಟುತ್ತಿದ್ದ. ದಾರಿಯಲ್ಲಿ ಬಾಳೆಹಣ್ಣು, ಅವಲಕ್ಕಿ. ಶಾಂತವ್ವ ಚಿಕಾಗೋದಿಂದ ಫೋನ್ ಮಾಡಿ, "ಊಟ ಚೊಲೋ ಮಾಡಾಕತ್ತೀಯೇನೋ ತಮ್ಮಾ?" ಎಂದು ಕೇಳಿದರೆ, "ಅದಕ್ಕೇನು ಕಮ್ಮಿ ಆಗೇತಿ ಅಕ್ಕ," ಎನ್ನುತ್ತಿದ್ದ.

ನಾಲ್ಕು ತಿಂಗಳು ಕಳೆದ ಮೇಲೆ ಕೆಂಪು ಸುತ್ತು ಶುಕ್ರವಾರಕ್ಕೆ ಬಂತು. ಅವತ್ತು ಅವನು ಒಂದು ತಾಸು ಮೊದಲೇ ಹೊರಟ. ಮೊದಲ ಅಂಗಡಿಯಲ್ಲಿ ಬದರಿನಾಥ ಮಾತಿಗೆಳೆದರೂ ನಿಲ್ಲಲಿಲ್ಲ. ಬೆಲೇರ್ ರಸ್ತೆಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಪಾರ್ಕಿಂಗಿನಲ್ಲಿ ಜಾಗ ಸಿಗದೆ ಎರಡು ಸುತ್ತು ಹಾಕಿದ. ಬಾಗಿಲು ತಳ್ಳಿದರೆ ಒಳಗೆ ಕಾಲಿಡಲು ತೆರಪಿಲ್ಲ. ಆರೂ ಟೇಬಲ್ಲು ಭರ್ತಿ, ಬಾಗಿಲ ಬಳಿ ಏಳೆಂಟು ಜನ ಸಾಲಾಗಿ ನಿಂತಿದ್ದರು. ಗೋಡೆಯ ಬದಿಯ ಟೇಬಲ್ಲಿಗೆ ಕೊರಳಲ್ಲಿ ಆಫೀಸಿನ ಬ್ಯಾಡ್ಜು ನೇತುಹಾಕಿಕೊಂಡ ನಾಲ್ವರು ಕೂತಿದ್ದರು. ಲಿಯೆನ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಓಡಾಡುತ್ತಿದ್ದಳು. ಅವನನ್ನು ಕಂಡಳು. ಕೈ ಬಿಡುವಿರಲಿಲ್ಲ, ಗದ್ದ ಎತ್ತಿ ತೋರಿಸಿದಳು, "ಹತ್ತು ನಿಮಿಷ!"

ಗದಿಗೆಪ್ಪ ಸಾಲಿನ ಕೊನೆಯಲ್ಲಿ ನಿಂತ. ಸುಮ್ಮನೆ ನಿಂತವನ ಕಣ್ಣು ಕಸುಬು ಬಿಡಲಿಲ್ಲ. ಆ ನಾಲ್ವರು ಎದ್ದರು, ಲಿಯೆನ್ ಬಟ್ಟೆಯಿಂದ ಒರೆಸುವುದರೊಳಗೆ ಸಾಲಿನ ಮುಂದಿದ್ದ ಮೂವರು ಕೂತರು. ಒಂದು ಮಧ್ಯಾಹ್ನಕ್ಕೆ ಆ ಟೇಬಲ್ಲು ನಾಲ್ಕು ಸಲ ತುಂಬಿ ಖಾಲಿಯಾಗುತ್ತದೆ ಎಂದು ಅವನು ಅಂದಾಜು ಮಾಡಿದ. ಹದಿನಾಲ್ಕು, ಹದಿನೈದು ಜನರ ಊಟ. ನಾಲ್ಕು ವರ್ಷ ಅಲ್ಲಿ ಅವನು ಒಬ್ಬನೇ ಕೂತಿದ್ದ, ಮೂರು ಸಲ ಅನ್ನ ಹಾಕಿಸಿಕೊಂಡು, ಬ್ರೆಡ್ಡು ಮುರಿಯುತ್ತ, ಒಂದು ತಾಸು, ಒಂದೂಕಾಲು ತಾಸು. ಆಗಲೂ ಬಾಗಿಲ ಬಳಿ ಜನ ನಿಂತಿರುತ್ತಿದ್ದರು. ಅವರು ಪಾರ್ಸಲ್ಲಿಗೆ ಕಾಯುವವರೆಂದು ಅವನು ತಿಳಿದಿದ್ದ. ನೋಡಿದ ಕೂಡಲೇ ಚೀಲದಲ್ಲಿ ಎಷ್ಟು ಕಿಲೋ ಇದೆಯೆಂದು ಹೇಳುವ ಮನುಷ್ಯನಿಗೆ ಇದೊಂದು ಕಂಡಿರಲಿಲ್ಲ.

ಹನ್ನೆರಡೂ ಇಪ್ಪತ್ತಾಯಿತು. ಶುಗರ್‌ಲ್ಯಾಂಡಿಗೆ ಒಂದರೊಳಗೆ ಮುಟ್ಟಬೇಕು. ಮುಂದೆ ಇನ್ನೂ ಮೂವರಿದ್ದರು. ಲಿಯೆನ್ ಅಡುಗೆಮನೆಯ ಒಳಗಿದ್ದಳು. ಅವನು ತನ್ನ ಹಿಂದೆ ನಿಂತಿದ್ದ ಗಂಡ ಹೆಂಡತಿಗೆ ದಾರಿ ಬಿಟ್ಟು ಹೊರಗೆ ಬಂದ.

ವ್ಯಾನಿನೊಳಗೆ ಕೂತು ಸ್ವಲ್ಪ ಹೊತ್ತು ಗಾಜಿನ ಬಾಗಿಲನ್ನೇ ನೋಡಿದ. ಆ ಗಲ್ಲಾಪೆಟ್ಟಿಗೆಯ ಮುಂದೆ ತಾನು ಕೂತಿದ್ದರೆ, ಒಬ್ಬಂಟಿ ಗಿರಾಕಿಗೆ ಮಧ್ಯಾಹ್ನದ ಹೊತ್ತಿನಲ್ಲಿ ಆ ಟೇಬಲ್ಲನ್ನು ಒಂದು ದಿನದ ಮಟ್ಟಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವಳು ನಾಲ್ಕು ವರ್ಷ ಬಿಟ್ಟುಕೊಟ್ಟಿದ್ದಳು. ಹಿಂದಿನಿಂದ ಯಾರೋ ಜಾಗಕ್ಕಾಗಿ ಹಾರ್ನ್ ಹೊಡೆದರು. ಗದಿಗೆಪ್ಪ ಗಾಡಿ ತೆಗೆದ.